ಹಳ್ಳಿಯಲ್ಲಿ ರಜೆಯ ದಿನಗಳು

ರಜೆಯೆಂದರೆ ಕೆಲಸವಿಲ್ಲದ ಕಾಲವೆಂದು ಹಲವರು ತಿಳಿದಿದ್ದಾರೆ. ತಡವಾಗಿ ಏಳುವುದು, ಹೊತ್ತು ಕಳೆಯಲಾಗದೆ ಬೇಸರಪಡುವುದು, ಶಾಲೆ ತೆರೆಯುವ ಮುನ್ನಾದಿನ ಪುಸ್ತಕಗಳನ್ನು ಹುಡುಕುವುದು - ಹೀಗೆ ಎಷ್ಟೋ ರಜೆಗಳು ಮುಗಿದುಹೋಗುತ್ತವೆ. ಆದರೆ ರಜೆಯು ಕಣ್ಣು ಕಿವಿಗಳಿಗೆ ಹೊಸ ಕೆಲಸವನ್ನು ಕೊಡುವ ಕಾಲವೂ ಹೌದು. ಇದಕ್ಕೆ ದೂರದ ಊರಿಗೆ ಹೋಗಬೇಕಾಗಿಲ್ಲ. ಹಣವೂ ಹೆಚ್ಚಾಗಿ ಬೇಕಿಲ್ಲ. ಹತ್ತಿರದ ಹಳ್ಳಿಯಲ್ಲಿ ಕೆಲವು ದಿನ ನಿಂತು, ಅಲ್ಲಿಯ ನೆಲವನ್ನೂ ಜನರನ್ನೂ ಅರಿತುಕೊಳ್ಳುವ ಮನಸ್ಸಿದ್ದರೆ ಸಾಕು.

ಇಂತಹ ರಜೆಗೆ ಒಂದು ಗುರಿಯಿದ್ದರೆ ಒಳ್ಳೆಯದು. ದಾವಣಗೆರೆಗೆ ಸೇರಿಕೊಂಡಿರುವ ಶಾಮನೂರಿನಿಂದ ಹೊರಟು ಹರಿಹರದವರೆಗಿನ ಸೀಮೆಯನ್ನು ನೋಡುವವರು 'ನಮ್ಮ ಅನ್ನಕ್ಕೆ ನೀರು ಎಲ್ಲಿಂದ ಬರುತ್ತದೆ?' ಎಂಬ ಒಂದೇ ಪ್ರಶ್ನೆಯನ್ನು ಜೊತೆಯಲ್ಲಿ ಒಯ್ಯಬಹುದು. ಶಾಮನೂರು ಹಿಂದೆ ಪ್ರತ್ಯೇಕವಾದ ಹಳ್ಳಿಯಾಗಿದ್ದಿತು. ನಗರವು ಬೆಳೆಯುತ್ತ ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಆದರೂ ಇಲ್ಲಿಂದ ಸ್ವಲ್ಪ ದೂರ ನಡೆದರೆ ಭತ್ತದ ಗದ್ದೆಗಳ ಹಸುರು ಕಣ್ಣಿಗೆ ಬೀಳುತ್ತದೆ.

ಬೆಳಗಿನ ಹೊತ್ತು ಬಲ್ಲವರೊಡನೆ ಕಾಲುವೆಯ ಏರಿಯ ಮೇಲೆ ನಡೆಯಬೇಕು. ಲಕ್ಕವಳ್ಳಿಯ ಬಳಿ ಭದ್ರಾ ನದಿಗೆ ಕಟ್ಟಿದ ಅಣೆಕಟ್ಟಿನಿಂದ ಹೊರಡುವ ನೀರು ಬಹುದೂರ ಹರಿದು ಈ ಬಯಲನ್ನು ಮುಟ್ಟುತ್ತದೆ. ದೊಡ್ಡ ನಾಲೆಯಿಂದ ಉಪನಾಲೆಗೆ, ಉಪನಾಲೆಯಿಂದ ತೂಬಿಗೆ, ತೂಬಿನಿಂದ ಹೊಲಗಾಲುವೆಗೆ ನೀರು ಇಳಿಯುವ ಬಗೆಯನ್ನು ಗಮನಿಸಬೇಕು. ಮೇಲಿನ ಗದ್ದೆಯವರು ತಮ್ಮ ಪಾಲಿಗಿಂತ ಹೆಚ್ಚು ನೀರನ್ನು ತಿರುಗಿಸಿಕೊಂಡರೆ ಕೊನೆಯ ಗದ್ದೆ ಒಣಗುತ್ತದೆ. ನಾಲೆಯ ಕೊನೆಭಾಗದ ರೈತರು ಪ್ರತಿ ಬೆಳೆಗೂ ಎದುರಿಸುವ ಚಿಂತೆ ಇದು. ನೀರನ್ನು ಸರದಿಯಂತೆ ಹಂಚುವ ನೀರುಗಂಟಿಯೊಡನೆ ಅರ್ಧ ದಿನ ತಿರುಗಾಡಿದರೆ, ನ್ಯಾಯ ಎಂಬ ಮಾತಿನ ಅರ್ಥ ಗದ್ದೆಯ ಬದುವಿನಲ್ಲಿಯೇ ತಿಳಿಯುತ್ತದೆ. ಒಂದು ಎಚ್ಚರಿಕೆಯನ್ನು ಮರೆಯಬಾರದು: ನಾಲೆಯ ನೀರು ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತವಿರುತ್ತದೆ, ಅದರ ಬದಿಗಳು ಜಾರುತ್ತವೆ. ಅಲ್ಲಿ ಈಜಲು ಇಳಿಯಕೂಡದು.

ಬಿಸಿಲೇರಿದ ಮೇಲೆ ಹಿರಿಯರ ಬಳಿ ಕುಳಿತುಕೊಳ್ಳಬೇಕು. ಭದ್ರಾ ನೀರು ಬರುವುದಕ್ಕೆ ಮೊದಲು ಈ ಎರೆನೆಲದ ಬಹುಭಾಗ ಮಳೆಯನ್ನೇ ನಂಬಿ ಜೋಳ, ಹತ್ತಿ ಮುಂತಾದ ಬೆಳೆಗಳನ್ನು ಬೆಳೆಯುತ್ತಿದ್ದಿತು. ಈ ಸೀಮೆಯ ಹತ್ತಿಯೇ ದಾವಣಗೆರೆಯಲ್ಲಿ ಬಟ್ಟೆಯ ಗಿರಣಿಗಳು ತಲೆಯೆತ್ತಲು ಕಾರಣವಾಯಿತು. ಮುಂದೆ ನಾಲೆಯ ಬಯಲಿನಲ್ಲಿ ಭತ್ತ ಹರಡಿತು. ಗಿರಣಿಗಳಲ್ಲಿ ಹಲವು ಮುಚ್ಚಿಹೋದವು. ಕೂರಿಗೆಯಿಂದ ಬಿತ್ತುವುದು, ಎಡೆಕುಂಟೆ ಹೊಡೆಯುವುದು, ಕಣದಲ್ಲಿ ರಾಶಿ ಮಾಡುವುದು, ನೆಲದೊಳಗಿನ ಹಗೇವಿನಲ್ಲಿ ಜೋಳವನ್ನು ಕಾಪಾಡುವುದು - ಇವುಗಳನ್ನು ಕೈಯಾರೆ ಮಾಡಿದವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಕೆಲಸ ನಿಂತರೆ ಅದರ ಹೆಸರೂ ನಿಲ್ಲುತ್ತದೆ. ಆದುದರಿಂದ ಕೇಳಿದ ಮಾತುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ರಜೆಯ ಅತ್ಯಂತ ಬೆಲೆಯುಳ್ಳ ಕೆಲಸ.

ಸಂಜೆಗೆ ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದನ್ನು ನೋಡಬಹುದು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು ಕಾದ ಮರಳಿನಲ್ಲಿ ಹುರಿದಾಗ ಅಕ್ಕಿ ಅರಳಿ ಮಂಡಕ್ಕಿಯಾಗುತ್ತದೆ. ಬೆಂಕಿಯ ಮುಂದೆ ನಿಂತು ದುಡಿಯುವವರ ಶ್ರಮವನ್ನು ಕಂಡವರು ಹಿಡಿ ಮಂಡಕ್ಕಿಯನ್ನೂ ಚೆಲ್ಲಲಾರರು.

ಮತ್ತೊಂದು ದಿನವನ್ನು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಮೀಸಲಿಡಬೇಕು. ಶಾಂತಿಸಾಗರವೆಂಬುದು ಇದರ ಇನ್ನೊಂದು ಹೆಸರು. ಶಾಂತವ್ವ ಎಂಬ ರಾಜಕುಮಾರಿಯು ಇದನ್ನು ಕಟ್ಟಿಸಿದಳೆಂಬುದು ಜನಪದ ಐತಿಹ್ಯ. ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಗೆ ಅಡ್ಡಲಾಗಿ ಏರಿಯನ್ನು ಹಾಕಿದ್ದಾರೆ. ಏರಿಯ ಉದ್ದ ಸುಮಾರು ಒಂದು ಸಾವಿರ ಅಡಿ ಮಾತ್ರ. ಆದರೆ ಅದರ ಹಿಂದೆ ನಿಂತಿರುವ ನೀರು ಕಣ್ಣಳತೆಗೆ ಸಿಕ್ಕುವುದಿಲ್ಲ. ಎಲ್ಲಿ ಕಟ್ಟಿದರೆ ಕಡಮೆ ಶ್ರಮದಿಂದ ಹೆಚ್ಚು ನೀರು ನಿಲ್ಲುವುದೆಂಬುದನ್ನು ನಮ್ಮ ಪೂರ್ವಿಕರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು! ಸಿದ್ಧನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳು ಇಲ್ಲಿಂದ ಹೊಲಗದ್ದೆಗಳಿಗೆ ನೀರನ್ನು ಒಯ್ಯುತ್ತವೆ.

ಈ ಕೆರೆಯಿಂದ ಹೊರಡುವ ಹರಿದ್ರಾ ಎಂಬ ಹಳ್ಳವು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಹಳ್ಳದ ಜಾಡನ್ನು ಹಿಡಿದು ನಾವೂ ಹರಿಹರಕ್ಕೆ ಬರೋಣ. ಇಲ್ಲಿಯ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಮಂತ್ರಿಯೂ ದಂಡನಾಯಕನೂ ಆಗಿದ್ದ ಪೊಲಾಳ್ವನು 1224ರಲ್ಲಿ ಕಟ್ಟಿಸಿದನು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಹರಿಯಿಂದಲೂ ಹರನಿಂದಲೂ ಸಾವಿಲ್ಲದ ವರವನ್ನು ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರೆಂದು ಸ್ಥಳಪುರಾಣ ಹೇಳುತ್ತದೆ. ಮಂಟಪದ ನುಣುಪಾದ ದುಂಡು ಕಂಬಗಳನ್ನು ನೋಡುವಾಗ ಕಲ್ಲಿನ ಮೇಲೆ ಹೆಸರು ಕೊರೆಯುವ ಚಪಲವನ್ನು ಹತ್ತಿರ ಬಿಡಬಾರದು.

ಹರಿಹರವು ಶಾಸನಗಳ ಊರು. ನಮ್ಮ ಪ್ರಶ್ನೆಗೆ ಸಂಬಂಧಿಸಿದ ಶಾಸನವೂ ಇಲ್ಲಿದೆ. ವಿಜಯನಗರದ ಒಂದನೆಯ ದೇವರಾಯನ ಕಾಲದಲ್ಲಿ, 1410ರಲ್ಲಿ, ಹರಿದ್ರೆಗೆ ಕಟ್ಟೆ ಹಾಕಿ ಕಾಲುವೆ ತೆಗೆದ ಸಂಗತಿಯನ್ನು ಅದು ತಿಳಿಸುತ್ತದೆ. ಕಾಲುವೆಯಿಂದ ನೀರಾವರಿಯಾದ ಭೂಮಿಯಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಹಣ ಹಾಕಿ ಕಟ್ಟಿಸಿದ ಬ್ರಾಹ್ಮಣರಿಗೆ ಎಂದು ಗೊತ್ತುಮಾಡಲಾಗಿತ್ತು. ಮುಂದೆ ಒಡೆದುಹೋದ ಆ ಕಟ್ಟೆಯನ್ನು ಮತ್ತೆ ಕಟ್ಟಿದ ವಿಷಯವನ್ನು 1424ರ ಶಾಸನ ಹೇಳುತ್ತದೆ. ನೀರನ್ನು ಕೂಡಿಡುವುದರಷ್ಟೇ ಅದರ ಫಲವನ್ನು ಹಂಚಿಕೊಳ್ಳುವ ಕಟ್ಟಳೆಯೂ ಮುಖ್ಯವೆಂದು ತಿಳಿದು ಅದನ್ನು ಕಲ್ಲಿನಲ್ಲಿ ಬರೆಸಿದರು. ಕೊನೆಯ ಗದ್ದೆಯ ರೈತ ಇಂದು ಕೇಳುವುದೂ ಅಂತಹ ಕಟ್ಟಳೆಯನ್ನೇ.

ಕಡೆಗೆ ಹೊಳೆಯ ದಂಡೆಗೆ ಬರಬೇಕು. 1868ರಲ್ಲಿ ಪೂರ್ಣಗೊಂಡ ಹಳೆಯ ಸೇತುವೆಯ ಕಮಾನುಗಳನ್ನು ಎಣಿಸಿ ನೋಡಬೇಕು. 1956ಕ್ಕೆ ಮೊದಲು ಈ ದಡ ಮೈಸೂರು ರಾಜ್ಯಕ್ಕೂ ಆಚೆಯ ದಡ ಮುಂಬಯಿ ರಾಜ್ಯಕ್ಕೂ ಸೇರಿದ್ದವು. ಎರಡು ದಡಗಳಲ್ಲಿಯೂ ಕನ್ನಡವೇ ಇದ್ದರೂ ನಡುವೆ ಗಡಿಯಿದ್ದಿತು. ಇಂಗ್ಲೆಂಡ್ ಮತ್ತು ವೇಲ್ಸ್ ನಾಡುಗಳ ನಡುವೆ, ಎಂಟನೆಯ ಶತಮಾನದ ಆಫಾ ಎಂಬ ದೊರೆಯ ಹೆಸರಿನ ಉದ್ದವಾದ ಮಣ್ಣಿನ ದಿಬ್ಬವಿದೆ. ಅದನ್ನು ಅನುಸರಿಸುವ ಸುಮಾರು 285 ಕಿಲೋಮೀಟರ್ ಉದ್ದದ ಕಾಲುಹಾದಿಯನ್ನು 1971ರಲ್ಲಿ ತೆರೆದರು. ರಜೆಯಲ್ಲಿ ಜನರು ಅಲ್ಲಿ ನಡೆದು ತಮ್ಮ ನಾಡಿನ ಚರಿತ್ರೆಯನ್ನು ಅರಿಯುತ್ತಾರೆ. ಹಾಗೆ ನಡೆದು ನೋಡಬೇಕಾದ ಹಳೆಯ ಗಡಿ ನಮ್ಮಲ್ಲಿಯೂ ಇದೆ; ಅದು ತುಂಗಭದ್ರೆಯ ದಂಡೆ.

ಹಳ್ಳಿಗೆ ಹೋದವರು ಅತಿಥಿಗಳೆಂಬುದನ್ನು ಮರೆಯಬಾರದು. ಬೆಳೆದ ಪೈರನ್ನು ತುಳಿಯದೆ, ಕೆರೆ ಹೊಳೆಗಳಿಗೆ ಕಸವನ್ನು ಎಸೆಯದೆ, ದುಡಿಯುವವರ ಕೆಲಸಕ್ಕೆ ಅಡ್ಡಿಯಾಗದೆ ಇರಬೇಕು, ಸಾಧ್ಯವಾದರೆ ಕೈಗೂಡಿಸಬೇಕು. ಹೀಗೆ ರಜೆಯನ್ನು ಕಳೆದವನು ಊಟದ ತಟ್ಟೆಯ ಮುಂದೆ ಕುಳಿತಾಗ, ಅನ್ನದ ಹಿಂದಿರುವ ಅಣೆಕಟ್ಟನ್ನೂ ಕಾಲುವೆಯನ್ನೂ ನೀರುಗಂಟಿಯನ್ನೂ ಕೊನೆಯ ಗದ್ದೆಯ ರೈತನನ್ನೂ ನೆನೆಯುತ್ತಾನೆ. ತನ್ನ ಪಾಲಿಗಿಂತ ಹೆಚ್ಚನ್ನು ಬಳಸಬಾರದೆಂಬ ಎಚ್ಚರ ಅವನಲ್ಲಿ ಮೂಡುತ್ತದೆ. ರಜೆಯು ಇಷ್ಟನ್ನು ಕಲಿಸಿದರೆ ಅದು ವ್ಯರ್ಥವಾಯಿತೆಂದು ಯಾರೂ ಹೇಳಲಾರರು.