ಬಿಡುವಿದ್ದಾಗ ನೋಡುವವನ ತೀರ್ಪು

ಕಿರುತೆರೆಯ ಪ್ರೇಕ್ಷಕರಲ್ಲಿ ಎರಡು ವರ್ಗಗಳುಂಟು. ಕಥೆಯ ಒಂದೆಳೆಯನ್ನೂ ಕೈಬಿಡದೆ, ನಿನ್ನೆ ಯಾರು ಯಾರಿಗೆ ಏನೆಂದರು, ಕಳೆದ ವಾರದ ಕಾಗದ ಯಾರ ಕೈಸೇರಿತು ಎಂಬುದನ್ನೆಲ್ಲ ಕಂಠಸ್ಥ ಮಾಡಿಕೊಂಡು, ಮನೆಗೆ ನೆಂಟರು ಬಂದರೂ ಸಂಚಿಕೆ ಮುಗಿದ ಮೇಲೆಯೇ ಕಾಫಿ ಬೆರೆಸಲು ಏಳುವ ನಿಷ್ಠಾವಂತರದು ಒಂದು. ಊಟಕ್ಕೂ ನಿದ್ರೆಗೂ ನಡುವೆ ಅರ್ಧ ಗಂಟೆ ಮಿಕ್ಕಿತೆಂಬ ಒಂದೇ ಕಾರಣಕ್ಕೆ ರಿಮೋಟು ಹಿಡಿದು, ಕಣ್ಣಿಗೆ ಬಿದ್ದದ್ದನ್ನು ನೋಡಿ, ಹಿಡಿಸದಿದ್ದರೆ ಯಾವ ಸಂಕೋಚವೂ ಇಲ್ಲದೆ ಬೇರೆ ಕಡೆಗೆ ಹೊರಳಿಬಿಡುವವರದು ಇನ್ನೊಂದು. ನಾನು ಎರಡನೆಯ ವರ್ಗದವನು. ಇಂಥವನಿಗೆ ಅಭಿಪ್ರಾಯ ಹೇಳುವ ಅಧಿಕಾರ ಎಲ್ಲಿಂದ ಬಂತೆಂದು ನಿಷ್ಠಾವಂತರು ಕೇಳಿದರೆ ತಪ್ಪಲ್ಲ. ಮಿಕ್ಕ ಪ್ರಕಾರಗಳ ಮಾತು ಹೇಗಾದರೂ ಇರಲಿ. ಸಿಟ್‌ಕಾಂ ಎಂದು ಲೋಕರೂಢಿಯಲ್ಲಿ ಕರೆಯುವ ಸನ್ನಿವೇಶಹಾಸ್ಯದ ವಿಷಯದಲ್ಲಿ ಮಾತ್ರ ತೀರ್ಪು ಕೊಡುವ ಅಧಿಕಾರ ಮೊದಲು ಸಲ್ಲತಕ್ಕದ್ದು ಬಿಡುವಿದ್ದಾಗ ನೋಡುವವನಿಗೇ ಎಂಬುದು ನನ್ನ ವಾದ. ಏಕೆಂದರೆ ಆ ಪ್ರಕಾರ ಬೆಳೆದು ಬಂದದ್ದೇ ಅವನನ್ನು ನೆಚ್ಚಿಕೊಂಡು.

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1951ರ ಅಕ್ಟೋಬರಿನಲ್ಲಿ ‘ಐ ಲವ್ ಲೂಸಿ’ ಆರಂಭವಾದಾಗ, ಲೂಸಿಲ್ ಬಾಲ್ ಮತ್ತು ಡೆಸಿ ಅರ್ನಾಜ್ ದಂಪತಿಗಳೂ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡನೂ ಸೇರಿ, ಎದುರಿಗೆ ನಿಜವಾದ ಸಭಿಕರನ್ನು ಕುಳ್ಳಿರಿಸಿ, ಮೂರು ಕ್ಯಾಮೆರಾಗಳಿಂದ ಏಕಕಾಲದಲ್ಲಿ ಫಿಲ್ಮಿನ ಮೇಲೆ ಚಿತ್ರಿಸುವ ಪದ್ಧತಿಯನ್ನು ನೆಲೆಗೊಳಿಸಿದರು. ಒಂದೇ ಮನೆ, ಅದೇ ಸೋಫಾ, ಅದೇ ನಾಲ್ಕೈದು ಮಂದಿ. ವಾರಕ್ಕೊಂದು ತೊಡಕು ಹುಟ್ಟಿ, ಅರ್ಧ ಗಂಟೆಯಲ್ಲಿ ಜಾಹೀರಾತುಗಳನ್ನು ಕಳೆದು ಮಿಕ್ಕ ನಿಮಿಷಗಳಲ್ಲಿ ಬೆಳೆದು, ಬಿಚ್ಚಿಕೊಂಡು, ಎಲ್ಲರೂ ಮೊದಲಿದ್ದ ಸ್ಥಿತಿಗೇ ಮರಳುವುದು. ಈ ಮರಳುವಿಕೆಯನ್ನು ಪಂಡಿತರು ದೋಷವೆಂದು ಎಣಿಸುವುದುಂಟು, ಪಾತ್ರಗಳು ಬೆಳೆಯುವುದೇ ಇಲ್ಲವೆಂದು ಆಕ್ಷೇಪಿಸುವುದುಂಟು. ಆದರೆ ಕಳೆದ ವಾರ ಬಾರದಿದ್ದವನನ್ನೂ ಮುಂದಿನ ವಾರ ಬಾರದವನನ್ನೂ ಸಮನಾಗಿ ಸತ್ಕರಿಸುವ ಔದಾರ್ಯ ಅಡಗಿರುವುದು ಅಲ್ಲಿಯೇ. ಜಗುಲಿಯಿರುವ ಹಳೆಯ ಮನೆಯಂತೆ ಅದು: ಯಾರು ಯಾವ ಹೊತ್ತಿಗೆ ಬಂದರೂ ಕೂರಲು ಸ್ಥಳವುಂಟು, ಎದ್ದು ಹೊರಟರೆ ತಡೆಯುವವರಿಲ್ಲ. ಈ ಮರ್ಮವನ್ನರಿಯಲು ನಾವು ಅಮೆರಿಕದವರೆಗೆ ಹೋಗಬೇಕಾದದ್ದೂ ಇಲ್ಲ. ಟಿ. ಪಿ. ಕೈಲಾಸಂ ತಮ್ಮ ‘ಟೊಳ್ಳುಗಟ್ಟಿ’ ಮೊದಲಾದ ನಾಟಕಗಳಲ್ಲಿ ಮಧ್ಯಮವರ್ಗದ ಒಂದು ಮನೆಯನ್ನೇ ರಂಗವಾಗಿಸಿ, ಮಾತಿನ ವರಸೆಯಿಂದಲೇ ಮನುಷ್ಯರನ್ನು ನಿಲ್ಲಿಸಿ, ನಗೆಯು ಕಥೆಯ ಗಂಟಿನಲ್ಲಿರುವುದಕ್ಕಿಂತ ಹೆಚ್ಚಾಗಿ ಸ್ವಭಾವದ ಗಂಟಿನಲ್ಲಿರುವುದೆಂಬುದನ್ನು ಟೆಲಿವಿಷನ್ ಹುಟ್ಟುವ ಮೊದಲೇ ತೋರಿಸಿಕೊಟ್ಟಿದ್ದರು.

ಈ ಎರಡು ಅಳತೆಗೋಲುಗಳನ್ನು, ಎಂದರೆ ತಡವಾಗಿ ಬಂದವನಿಗೆ ಸ್ಥಳವುಂಟೇ, ನಗೆಯು ಸ್ವಭಾವದಿಂದ ಹೊಮ್ಮುವುದೇ ಎಂಬುವನ್ನು, ಕೈಯಲ್ಲಿ ಹಿಡಿದು ಇಂದಿನ ಕೆಲವು ಹಾಸ್ಯ ಧಾರಾವಾಹಿಗಳನ್ನು ನೋಡೋಣ.

ಮೊದಲು ‘ಅಬಟ್ ಎಲಿಮೆಂಟರಿ’. ಕ್ವಿಂಟಾ ಬ್ರನ್ಸನ್ ಎಂಬ ಪ್ರತಿಭಾಶಾಲಿನಿ ತಾನೇ ರೂಪಿಸಿ, ತಾನೇ ಮುಖ್ಯ ಪಾತ್ರವನ್ನೂ ವಹಿಸಿರುವ ಈ ಧಾರಾವಾಹಿ 2021ರ ಡಿಸೆಂಬರಿನಲ್ಲಿ ಎಬಿಸಿ ವಾಹಿನಿಯಲ್ಲಿ ಆರಂಭವಾಯಿತು. ಮರುವರ್ಷ ಅದರ ಬರವಣಿಗೆಗಾಗಿ ಆಕೆಗೆ ಎಮ್ಮಿ ಪ್ರಶಸ್ತಿಯೂ ಬಂತು. ಫಿಲಡೆಲ್ಫಿಯದ ಬಡ ಸರಕಾರಿ ಪ್ರಾಥಮಿಕ ಶಾಲೆ ಇದರ ರಂಗಸ್ಥಳ. ಮೊದಲ ಸಂಚಿಕೆಯ ವಸ್ತು ಇಷ್ಟೇ: ಎರಡನೆಯ ತರಗತಿಯ ಮಕ್ಕಳು ಮಲಗುವ ಜಮಖಾನೆ ಹಾಳಾಗಿದೆ, ಹೊಸದು ಬೇಕು. ಎಳೆಯ ಶಿಕ್ಷಕಿ ಜನೀನಳ ಕೋರಿಕೆಗೆ ಹಣ ಬಂತೆಂದು ಎಲ್ಲರೂ ಹಿಗ್ಗಿರುವಾಗ, ಮುಖ್ಯೋಪಾಧ್ಯಾಯಿನಿ ಏವಾ ಆ ಹಣದಿಂದ ಶಾಲೆಯ ಮುಂದೆ ಹೊಸ ಫಲಕ ಹಾಕಿಸಿಬಿಡುತ್ತಾಳೆ, ಅದರ ಮೇಲೆ ತನ್ನದೇ ಭಾವಚಿತ್ರ! ಕೊನೆಗೆ ಜಮಖಾನೆಗಳು ಬರುವುದು ಇಲಾಖೆಯಿಂದಲ್ಲ, ಮೆಲಿಸ್ಸಾ ಎಂಬ ಹಿರಿಯ ಶಿಕ್ಷಕಿಗೆ ಊರಿನಲ್ಲೆಲ್ಲ ಇರುವ ‘ನಮ್ಮವರು’ ಎಂಬ ಬಳಗದಿಂದ. ಸರಕಾರಿ ಶಾಲೆಯ ಮೆಟ್ಟಿಲು ಹತ್ತಿದ ಯಾವ ಕನ್ನಡಿಗನಿಗೆ ಈ ಫಲಕದ ಅರ್ಥವನ್ನು ಬಿಡಿಸಿ ಹೇಳಬೇಕು? ಸಾಕ್ಷ್ಯಚಿತ್ರದ ವೇಷ ತೊಟ್ಟಿರುವ ಈ ಧಾರಾವಾಹಿಯಲ್ಲಿ, ಅಸಂಬದ್ಧವಾದದ್ದೇನಾದರೂ ನಡೆದೊಡನೆ ಪಾತ್ರಗಳು ಕ್ಯಾಮೆರಾದತ್ತ ಒಮ್ಮೆ ಕಣ್ಣು ಹಾಯಿಸುವುದು ವಾಡಿಕೆ. ಅದರಲ್ಲಿಯೂ ಗ್ರೆಗರಿ ಎಂಬ ಗಂಭೀರ ತರುಣ ಮಾತಿಲ್ಲದೆ ಬೀರುವ ನೋಟ ಒಂದು ಪುಟದ ಸಂಭಾಷಣೆಗೆ ಸಮ. ಆದರೆ ಈ ಗ್ರೆಗರಿಗೂ ಜನೀನಳಿಗೂ ನಡುವಣ ಅನುರಾಗವನ್ನು ಆಗದಂತೆಯೂ ಹೋಗದಂತೆಯೂ ಮೂರು ಋತುಗಳ ಪರ್ಯಂತ ಎಳೆದದ್ದು ನನಗೆ ರುಚಿಸಲಿಲ್ಲ. ಶಾಲೆಯ ತೊಡಕು ಅಂದಂದಿಗೆ ತೀರುತ್ತದೆ, ಪ್ರೇಮದ ಲೆಕ್ಕ ಮಾತ್ರ ಬಾಕಿಯಾಗಿ ಮುಂದಿನ ವಾರಕ್ಕೆ ಸಾಗುತ್ತದೆ. ಬಾಕಿಯ ಪುಸ್ತಕ ನೋಡದವನು ಆ ನೋಟಗಳ ಅರ್ಧ ಅರ್ಥವನ್ನು ಕಳೆದುಕೊಳ್ಳುತ್ತಾನೆ.

ಎರಡನೆಯದು ‘ಘೋಸ್ಟ್ಸ್’. ಬಿಬಿಸಿಯಲ್ಲಿ 2019ರಲ್ಲಿ ಬಂದ ಬ್ರಿಟಿಷ್ ಧಾರಾವಾಹಿಯನ್ನು ಆಧರಿಸಿ 2021ರಲ್ಲಿ ಸಿಬಿಎಸ್ ಆರಂಭಿಸಿದ್ದು. ಉತ್ತರಾಧಿಕಾರದಲ್ಲಿ ಬಂದ ಹಳೆಯ ಬಂಗಲೆಯನ್ನು ವಸತಿಗೃಹವಾಗಿಸಲು ಹೊರಟ ದಂಪತಿಗಳಲ್ಲಿ, ಮೆಟ್ಟಿಲಿನಿಂದ ಬಿದ್ದು ಬದುಕುಳಿದ ಹೆಂಡತಿ ಸಮಾಂತಾಳಿಗೆ ಅಲ್ಲಿಯ ಪ್ರೇತಗಳೆಲ್ಲ ಕಾಣಿಸತೊಡಗುತ್ತವೆ. ಗಂಡ ಜೇಗೆ ಒಂದೂ ಕಾಣದು, ಕೇಳದು. ಒಂದು ಸಾವಿರ ವರ್ಷದ ಅವಧಿಯಲ್ಲಿ ಬೇರೆ ಬೇರೆ ಕಾಲಕ್ಕೆ ಸತ್ತವರೆಲ್ಲ, ಎಂದರೆ ವೈಕಿಂಗ್ ಯೋಧ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕ್ಯಾಪ್ಟನ್, ಜಾಝ್ ಗಾಯಕಿ, ಬಾಣ ಕತ್ತಿನಲ್ಲಿ ನಾಟಿಕೊಂಡೇ ಇರುವ ಸ್ಕೌಟ್ ನಾಯಕ, ಪ್ಯಾಂಟಿಲ್ಲದೆ ಸತ್ತುದರಿಂದ ಅನಂತಕಾಲವೂ ಹಾಗೆಯೇ ಅಲೆಯಬೇಕಾದ ಷೇರುಪೇಟೆಯ ದಲ್ಲಾಳಿ, ಇವರೆಲ್ಲ ಒಂದೇ ಬಂಗಲೆಯ ಎಲ್ಲೆಯೊಳಗೆ ಹೊಂದಿಕೊಂಡು ಬಾಳಬೇಕು. ನಮ್ಮ ಅವಿಭಕ್ತ ಕುಟುಂಬಗಳ ಕಥೆಯೇ ತಾನೆ? ಜೇ ಪಾತ್ರವನ್ನು ವಹಿಸಿರುವ ಉತ್ಕರ್ಷ್ ಅಂಬೂಡ್ಕರ್ ಭಾರತೀಯ ಮೂಲದ ನಟ. ನನ್ನ ಮೆಚ್ಚುಗೆಯ ಸಿಂಹಪಾಲು ಅವನಿಗೆ. ಕಾಣದ ಪ್ರೇತಗಳಿಗೆ ಆತ ಶಿಷ್ಟಾಚಾರವಾಗಿ ಏನನ್ನೋ ಹೇಳುತ್ತಾನೆ, ಮುಖ ಮಾತ್ರ ಖಾಲಿಗೋಡೆಯತ್ತ ಇರುತ್ತದೆ. ಹೆಂಡತಿ ಮೆಲ್ಲನೆ ಅವನನ್ನು ಸರಿಯಾದ ದಿಕ್ಕಿಗೆ ತಿರುಗಿಸಬೇಕು. ಎಂದೂ ಕಣ್ಣಾರೆ ಕಾಣದವರನ್ನು ಮನೆಯವರೆಂದೇ ಒಪ್ಪಿಕೊಂಡ ಆ ಸೌಜನ್ಯದಲ್ಲಿ ನಗೆಯೂ ಇದೆ, ದಾಂಪತ್ಯದ ಬಗ್ಗೆ ಒಂದು ದೊಡ್ಡ ಮಾತೂ ಇದೆ. ದೋಷವೇನೆಂದರೆ, ಇಂಥ ಪ್ರೇತಕ್ಕೆ ಇಂಥ ಶಕ್ತಿ, ಅದಕ್ಕೆ ಇಂಥ ಮಿತಿ ಎಂದು ವರ್ಷೇ ವರ್ಷೇ ನಿಯಮಗಳು ಬೆಳೆದು, ಕೆಲವು ಸಂಚಿಕೆಗಳನ್ನು ನೋಡಲು ಕೈಯಲ್ಲೊಂದು ಕಾನೂನು ಪುಸ್ತಕ ಬೇಕಾಗುತ್ತದೆ. ಋತುವಿನ ಕೊನೆಗೆ ಕುತೂಹಲದ ಗಂಟೊಂದನ್ನು ಹಾಕಿ ಕಳುಹಿಸುವ ಚಾಳಿಯೂ ಅಂಟಿದೆ.

ಇಲ್ಲಿ ನಗೆಯ ಧ್ವನಿಯ ವಿಚಾರವಾಗಿ ಎರಡು ಮಾತು. ಭರತಮುನಿ ಹಾಸ್ಯವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರಾಗಿ ವಿಂಗಡಿಸಿ, ಉತ್ತಮ ಮಧ್ಯಮ ಅಧಮ ಪ್ರಕೃತಿಯವರಿಗೆ ಎರಡೆರಡರಂತೆ ಹಂಚಿಕೊಟ್ಟಿದ್ದಾನೆ. ಸಿಬಿಎಸ್‌ನಲ್ಲಿ ಧ್ವನಿತಂತ್ರಜ್ಞನಾಗಿದ್ದ ಚಾರ್ಲ್ಸ್ ಡಗ್ಲಸ್ 1950ರ ದಶಕದಲ್ಲಿ ನಿರ್ಮಿಸಿದ ನಗೆಯಂತ್ರದಲ್ಲಿಯೂ ಒತ್ತುಗುಂಡಿಗೊಂದರಂತೆ ಬಗೆಬಗೆಯ ನಗೆಗಳು ಮುದ್ರಿತವಾಗಿದ್ದುವು, ಕಾಲಿನ ಪೆಡಲಿನಿಂದ ಅವುಗಳ ಏರಿಳಿತವನ್ನು ನಿಯಂತ್ರಿಸಬಹುದಾಗಿತ್ತು. ಆದರೆ ಅದನ್ನು ಬಳಸಿದವರು ಸ್ಮಿತಕ್ಕೆ ತಕ್ಕ ಚಟಾಕಿಗೂ ಅತಿಹಸಿತದ ಗುಂಡಿಯನ್ನೇ ಒತ್ತಿದ್ದು ಹೆಚ್ಚು. ಅಬಟ್ ಶಾಲೆಯಲ್ಲಿಯೂ ಪ್ರೇತಗಳ ಬಂಗಲೆಯಲ್ಲಿಯೂ ಈ ನಗೆ ಇಲ್ಲ. ನಗುವ ಹೊಣೆಯನ್ನು ನಮಗೇ ಬಿಟ್ಟಿದ್ದಾರೆ. ‘ಯಂಗ್ ಶೆಲ್ಡನ್’ ಎಂಬ ಕೌಟುಂಬಿಕ ಧಾರಾವಾಹಿ 2017ರಿಂದ 2024ರವರೆಗೆ ಏಳು ಋತುಗಳ ಕಾಲ ಹೀಗೆಯೇ ನಗೆಯ ಧ್ವನಿಯಿಲ್ಲದೆ ನಡೆಯಿತು. ಅದು ಮುಗಿದ ಕೆಲವೇ ತಿಂಗಳಿಗೆ, ಅದೇ ಮನೆಯ ಹಿರಿಯ ಮಗನನ್ನು ಮಾವನ ಟೈರು ಅಂಗಡಿಗೆ ಕಳುಹಿಸಿ ಆರಂಭಿಸಿದ ‘ಜಾರ್ಜಿ ಅಂಡ್ ಮ್ಯಾಂಡೀಸ್ ಫಸ್ಟ್ ಮ್ಯಾರೇಜ್’ನಲ್ಲಿ ಸಭಿಕರ ನಗೆ ಮತ್ತೆ ಕೇಳಿಬಂತು. ನಿನ್ನೆ ತಂದೆಯನ್ನು ಕಳೆದುಕೊಂಡು ಮೌನದಲ್ಲಿ ನಿಂತಿದ್ದ ಹುಡುಗ ಇಂದು ಬಾಯಿ ತೆರೆದರೆ ಕತ್ತಲೆಯಿಂದ ನೂರು ಮಂದಿ ನಗುವುದು ಮೊದಮೊದಲು ಅಸಹನೀಯವೆನಿಸುತ್ತದೆ. ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು: ಅಳಿಯನನ್ನು ಸಹಿಸಲಾರದ ಅತ್ತೆ, ಅಳಿಯನಲ್ಲಿಯೇ ನೆಮ್ಮದಿ ಕಾಣುವ ಮಾವ, ಮನೆಯಳಿಯತನದ ಸಂಕಟ, ಇಷ್ಟನ್ನು ಯಾವ ದಿನ ಬಂದು ಕುಳಿತರೂ ಎರಡು ನಿಮಿಷದಲ್ಲಿ ಗ್ರಹಿಸಬಹುದು. ಹಳೆಯ ಪದ್ಧತಿಯ ಸೌಲಭ್ಯವೂ ಅದೇ, ಅದರ ಒರಟುತನವೂ ಅದೇ.

ಹಾಸ್ಯವೆಂಬ ಹಣೆಪಟ್ಟಿಯನ್ನು ಮಾತ್ರ ಹೊತ್ತು ಬಂದ ‘ದಿ ಬೇರ್’ನ ಮೇಲೆ ನನಗೆ ಇರುವ ಕೋಪವನ್ನು ಸಂಕ್ಷೇಪವಾಗಿಯೇ ಹೇಳಿ ಮುಗಿಸುತ್ತೇನೆ. ಅಣ್ಣನ ಆತ್ಮಹತ್ಯೆಯ ಬಳಿಕ ಷಿಕಾಗೋದ ಸ್ಯಾಂಡ್‌ವಿಚ್ ಅಂಗಡಿಯನ್ನು ವಹಿಸಿಕೊಂಡ ಬಾಣಸಿಗನ ಈ ಕಥೆ ಶ್ರೇಷ್ಠವಾದ ನಾಟಕ, ಸಂಶಯವಿಲ್ಲ. ಆದರೆ ಅರ್ಧ ಗಂಟೆಯ ಅಳತೆಯನ್ನು ಬಹುಮಟ್ಟಿಗೆ ಪಾಲಿಸಿದ ಮಾತ್ರಕ್ಕೆ ಅದನ್ನು ಹಾಸ್ಯವಿಭಾಗದಲ್ಲಿ ಸೇರಿಸಿ ಎಮ್ಮಿಗಳನ್ನು ಕೊಟ್ಟದ್ದು ವಿಚಿತ್ರ. 2024ರ ಸೆಪ್ಟೆಂಬರಿನ ಸಮಾರಂಭದಲ್ಲಿ ನಿರೂಪಕರಾದ ಯೂಜೀನ್ ಮತ್ತು ಡ್ಯಾನ್ ಲೆವಿ ವೇದಿಕೆಯಿಂದಲೇ ಈ ವಿಷಯವನ್ನು ಗೇಲಿ ಮಾಡಿದರು. ಋತುವಿಗೆ ಎಂಟೋ ಹತ್ತೋ ಸಂಚಿಕೆಗಳನ್ನು ಮಾಡಿ ಒಂದೇ ಉಸಿರಿನಲ್ಲಿ ನೋಡಿಸುವ ಒಟಿಟಿ ಪದ್ಧತಿಯಲ್ಲಿ ಪ್ರತಿ ಸಂಚಿಕೆಯೂ ಮುಂದಿನದಕ್ಕೆ ಕೊಂಡಿಯಾಗಲೇಬೇಕು. ಅಬಟ್ ಶಾಲೆಗೆ ಎರಡನೆಯ ವರ್ಷ 22 ಸಂಚಿಕೆಗಳು ದೊರೆತಿದ್ದುವು. ಅಷ್ಟು ಬಿಡುವಿದ್ದಾಗಲೇ ಜಮಖಾನೆಯಂಥ ಅಲ್ಪ ವಸ್ತುವಿಗೆ ಒಂದು ಸಂಚಿಕೆಯನ್ನು ಮೀಸಲಿಡುವ ಧೈರ್ಯ ಬರುವುದು.

ಇನ್ನು ನಮ್ಮ ದೇಶದ ಮಾತು. 1971ರಿಂದ ಗುಜರಾತಿ ‘ಚಿತ್ರಲೇಖಾ’ ಪತ್ರಿಕೆಯಲ್ಲಿ ತಾರಕ ಮೆಹ್ತಾ ಬರೆದ ಅಂಕಣವನ್ನಾಧರಿಸಿ 2008ರ ಜುಲೈ 28ರಂದು ಸಬ್ ವಾಹಿನಿಯಲ್ಲಿ ಮೊದಲಾದ ‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’ ನಾಲ್ಕು ಸಾವಿರ ಸಂಚಿಕೆಗಳನ್ನು ದಾಟಿ ಇನ್ನೂ ನಡೆಯುತ್ತಿದೆ. ಮುಂಬಯಿಯ ಗೋಕುಲಧಾಮವೆಂಬ ವಠಾರದಲ್ಲಿ ಪ್ರಾಂತಕ್ಕೊಂದರಂತೆ ಕುಟುಂಬಗಳು. ನಡುವೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಜೇಠಾಲಾಲ. ದಿಲೀಪ್ ಜೋಶಿ ಈ ಪಾತ್ರದಲ್ಲಿ, ತಂದೆ ಚಂಪಕಲಾಲನ ಕೂಗು ಕೇಳಿದೊಡನೆ ಐವತ್ತರ ಗೃಹಸ್ಥನಿಂದ ಹತ್ತರ ಬಾಲಕನಾಗಿ ಕುಗ್ಗುವ ಪರಿಯನ್ನು ನೋಡಿದರೆ, ಹಾಸ್ಯನಟನೆಗೆ ಇದಕ್ಕಿಂತ ಬೇರೆ ಪಾಠ ಬೇಡವೆನಿಸುತ್ತದೆ. ಮೊದಲ ವರ್ಷಗಳ ಸಂಚಿಕೆಗಳು ಇಂದಿಗೂ ಚೆನ್ನ. ಆಮೇಲೆ ಬಂದ ರೋಗ ಅಮೆರಿಕದ ರೋಗಕ್ಕೆ ವಿಪರೀತವಾದದ್ದು. ಅಲ್ಲಿ ಕಥೆ ತೀರ ಮುಂದೆ ಓಡುತ್ತದೆ. ಇಲ್ಲಿ ಅದು ಅಲುಗುವುದೇ ಇಲ್ಲ, ಮುಗಿಯುವುದೂ ಇಲ್ಲ. ವಾರದ ಬಹುತೇಕ ದಿನಗಳನ್ನು ತುಂಬಬೇಕಾದ ಅವಸರಕ್ಕೆ ಸಿಕ್ಕಿ, ಒಂದು ಸಂಚಿಕೆಗೆ ಸಾಲುವ ತಪ್ಪು ತಿಳಿವಳಿಕೆ ಹತ್ತು ಸಂಚಿಕೆಗಳಿಗೆ ತೆಳುವಾಗುತ್ತದೆ. ತೆಳುವಾದ ಜಾಗವನ್ನು ‘ಟುಂಯ್’ ‘ಧಡ್’ ಎಂಬ ಹಿನ್ನೆಲೆಯ ಸದ್ದುಗಳು ಮುಚ್ಚುತ್ತವೆ, ಕೊನೆಗೊಂದು ನೀತಿ. ಪೋಪಟಲಾಲನ ಮದುವೆ ಮುಹೂರ್ತದವರೆಗೂ ಬಂದು ಮುರಿಯುವುದು ವ್ರತದಂತಾಗಿದೆ. ಜೇಠಾಲಾಲನ ಪತ್ನಿ ದಯಾಳ ಪಾತ್ರಧಾರಿ ದಿಶಾ ವಕಾನಿ 2017ರಲ್ಲಿ ಬಿಟ್ಟುಹೋದ ಮೇಲೆ ಆ ಪಾತ್ರ ಈಗ ಬಂದೀತು, ಆಗ ಬಂದೀತು ಎಂದು ಆಸೆ ತೋರಿಸುತ್ತಿರುವುದು ಸನ್ನಿವೇಶಹಾಸ್ಯವಲ್ಲ, ಸಾಲಗಾರನ ವಾಯಿದೆ.

ಕನ್ನಡದ ವಿಷಯಕ್ಕೆ ಬಂದರೆ ಅಭಿಪ್ರಾಯ ಮಿಶ್ರವಾಗುವುದಕ್ಕೂ ಅವಕಾಶ ಸಾಲದು. ಈ ಶತಮಾನದ ಮೊದಲ ದಶಕದಲ್ಲಿ ಈಟಿವಿ ಕನ್ನಡದಲ್ಲಿ ವಿಜಯಪ್ರಸಾದರ ‘ಸಿಲ್ಲಿ ಲಲ್ಲಿ’ಯೂ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ವೂ ಬರುತ್ತಿದ್ದ ದಿನಗಳನ್ನು ನೆನೆಯಿರಿ. ರವಿಶಂಕರ್ ಗೌಡರು ಅಭಿನಯಿಸಿದ ಡಾಕ್ಟರ್ ವಿಠಲರಾವ್ ತನ್ನ ಹೆಸರಿಗೆ ಜಗತ್ಪ್ರಸಿದ್ಧನೆಂಬ ವಿಶೇಷಣವನ್ನು ತಾನೇ ಅಂಟಿಸಿಕೊಂಡು ಬರುತ್ತಿದ್ದ. ಮಂಜುಭಾಷಿಣಿಯವರ ಲಲಿತಾಂಬ ಸಮಾಜಸೇವೆಯೆಂಬ ಗೀಳನ್ನು ಹೊತ್ತು ತಿರುಗುತ್ತಿದ್ದಳು. ಆ ಒಂದೊಂದು ಗೀಳು ಗೊತ್ತಿದ್ದರೆ ಸಾಕು, ಕಥೆ ಯಾವುದಾದರೂ ನಡೆಯುತ್ತಿತ್ತು. 2018ರಲ್ಲಿ ‘ಪಾಪ ಪಾಂಡು’ ಕಲರ್ಸ್ ಸೂಪರ್ ವಾಹಿನಿಗೆ ಮರಳಿ ಬಂದದ್ದೂ ಉಂಟು. ಈಗ ಆ ಸ್ಥಳವನ್ನು ‘ಕಾಮಿಡಿ ಕಿಲಾಡಿಗಳು’, ‘ಗಿಚ್ಚಿ ಗಿಲಿಗಿಲಿ’ಯಂಥ ಸ್ಪರ್ಧೆಗಳು ಆಕ್ರಮಿಸಿವೆ. ಅಲ್ಲಿ ಹಳ್ಳಿಗಳಿಂದ, ಹವ್ಯಾಸಿ ರಂಗಭೂಮಿಯಿಂದ ಬಂದ ನಟನಟಿಯರ ಪ್ರತಿಭೆ ನಿಜಕ್ಕೂ ಬೆರಗುಗೊಳಿಸುವಂಥದು. ಪ್ರಾದೇಶಿಕ ಕನ್ನಡಗಳು ತಲೆಯೆತ್ತಿ ಮಾತಾಡುವುದನ್ನು ಕೇಳುವುದೇ ಒಂದು ಸಂತೋಷ. ಆದರೆ ಹತ್ತು ನಿಮಿಷದ ಸ್ಕಿಟ್ಟಿನಲ್ಲಿ ಪಾತ್ರ ಹುಟ್ಟಿ, ಹೆಣ್ಣುವೇಷದ ಚೇಷ್ಟೆಯನ್ನೋ ದ್ವಂದ್ವಾರ್ಥವನ್ನೋ ಆಶ್ರಯಿಸಿ ಚಪ್ಪಾಳೆ ಗಿಟ್ಟಿಸಿ, ಅಲ್ಲಿಯೇ ಅಸುನೀಗುತ್ತದೆ. ನಕ್ಕು ನಕ್ಕು ಆಸನದಿಂದ ಜಾರುವ ತೀರ್ಪುಗಾರರಂತೂ ಡಗ್ಲಸನ ಯಂತ್ರಕ್ಕೆ ಜೀವ ಬಂದ ರೂಪ.

ಒಟ್ಟಿನಲ್ಲಿ ನನ್ನ ಪರೀಕ್ಷೆ ಸುಲಭವಾದದ್ದು. ಯಾವ ಸಂಚಿಕೆಯನ್ನಾದರೂ ನಡುವಿನಿಂದ ನೋಡಲು ತೊಡಗಿ, ಮೊದಲ ಜಾಹೀರಾತು ಬರುವುದರೊಳಗಾಗಿ, ಈ ಮನೆಯಲ್ಲಿ ಯಾರಿಗೆ ಯಾರ ಹೆದರಿಕೆ, ಯಾರಿಗೆ ಏನು ಹುಚ್ಚು ಎಂಬುದು ಪಕ್ಕದವರನ್ನು ಕೇಳದೆ ತಿಳಿಯಬೇಕು. ಅಬಟ್ ಶಾಲೆ ಮೊದಲ ದರ್ಜೆಯಲ್ಲಿ ಉತ್ತೀರ್ಣ, ಪ್ರೇತಗಳು ಅದರ ಹಿಂದೆಯೇ. ಟೈರು ಅಂಗಡಿಗೆ ಎರಡನೆಯ ದರ್ಜೆ. ಗೋಕುಲಧಾಮಕ್ಕೆ ಹಳೆಯ ಅಂಕಗಳ ಬಲದ ಮೇಲೆ ಮಾತ್ರ ತೇರ್ಗಡೆ. ಷಿಕಾಗೋದ ಬಾಣಸಿಗ ಬೇರೆ ವಿಷಯಕ್ಕೆ ಕುಳಿತ ಅಭ್ಯರ್ಥಿ. ಕನ್ನಡ ಪರೀಕ್ಷೆಗೆ ಹಾಜರಾಗಿಲ್ಲ. ಸ್ಪರ್ಧೆಗಳ ವೇದಿಕೆಯಲ್ಲಿ ನಟರು ಸಿದ್ಧರಾಗಿಯೇ ಇದ್ದಾರೆ, ಕೈಲಾಸಂ ತೋರಿಸಿದ ಮನೆಯೂ ಇದೆ. ವಾಹಿನಿಗಳು ಅವರಲ್ಲಿ ಐವರನ್ನು ಆರಿಸಿ, ತೀರ್ಪುಗಾರರನ್ನು ಮನೆಗೆ ಕಳುಹಿಸಿ, ವಾರಕ್ಕೆ ಅರ್ಧ ಗಂಟೆ ಕೊಟ್ಟು ನೋಡಲಿ. ಪ್ರತಿವಾರವೂ ನೋಡುತ್ತೇನೆಂದು ಮಾತು ಕೊಡಲಾರೆ. ಹಾಗೆ ಕೊಡಬೇಕಾಗದಿರುವುದೇ ಈ ಪ್ರಕಾರದ ಸೊಗಸು.