ಸಂಬಳದ ಚೀಟಿಯಲ್ಲಿ ಝಕಾತ್

ಇಂಡೊನೇಷ್ಯಾದ ಅಚೆ ಪ್ರಾಂತ್ಯದಲ್ಲಿ ಮುಸ್ಲಿಂ ಸರ್ಕಾರಿ ನೌಕರರ ಸಂಬಳ ನಿಗದಿತ ಮಿತಿ ದಾಟಿದರೆ ಶೇ 2.5ರಷ್ಟು ಕೈಗೆ ಬರುವ ಮುನ್ನವೇ ಕಡಿತವಾಗುತ್ತದೆ. ಅದು ಝಕಾತ್, ಇಸ್ಲಾಂ ಕಡ್ಡಾಯ ಮಾಡಿರುವ ದಾನ. ಸೇರುವುದು ಬೈತುಲ್ ಮಾಲ್‌ಗೆ. ಮಸೀದಿಯ ಹುಂಡಿಯಲ್ಲ ಅದು. ಪ್ರಾಂತ್ಯ, ಜಿಲ್ಲೆಯಿಂದ ಹಿಡಿದು ‘ಗಂಪೋಂಗ್’ ಎಂಬ ಹಳ್ಳಿಯವರೆಗೆ ಕಾನೂನಿನ ಬಲವಿರುವ ಸಂಸ್ಥೆ.

ಡಚ್ಚರ ಕಾಲದಲ್ಲಿ ಇದನ್ನು ಊಹಿಸುವಂತಿರಲಿಲ್ಲ. ದೇಶೀ ಅಧಿಕಾರಿಗಳು ಝಕಾತ್ ವಿಚಾರಕ್ಕೆ ಕೈಹಾಕಕೂಡದೆಂದು 1905ರ ಸುತ್ತೋಲೆ ತಾಕೀತು ಮಾಡಿತ್ತು. 1968ರಲ್ಲಿ ಅಧ್ಯಕ್ಷ ಸುಹಾರ್ತೊ, ಖಾಸಗಿ ವ್ಯಕ್ತಿಯಾಗಿ ತಾವೇ ಝಕಾತ್ ಸಂಗ್ರಹಿಸಲು ಸಿದ್ಧ ಎಂದರು. ಅದೇ ವರ್ಷ ಗವರ್ನರ್ ಅಲಿ ಸಾದಿಕಿನ್ ಜಕಾರ್ತದಲ್ಲಿ ಅದಕ್ಕೊಂದು ಸಂಸ್ಥೆ ಕಟ್ಟಿದರು. ರಾಷ್ಟ್ರೀಯ ಕಾಯ್ದೆ ಬಂದದ್ದು 1999ರಲ್ಲಿ.

ಅಚೆಯ ದಾರಿ ಬೇರೆ. 2004ರ ಡಿಸೆಂಬರ್ 26ರ ಸುನಾಮಿ ಊರಿಗೆ ಊರನ್ನೇ ನುಂಗಿತು. ಮರುವರ್ಷ ಆಗಸ್ಟ್‌ನಲ್ಲಿ ಹೆಲ್ಸಿಂಕಿಯಲ್ಲಿ ಇಂಡೊನೇಷ್ಯಾ ಸರ್ಕಾರಕ್ಕೂ ಅಚೆಯ ಪ್ರತ್ಯೇಕತಾವಾದಿ ಬಂಡುಕೋರರಿಗೂ ಶಾಂತಿ ಒಪ್ಪಂದವಾಯಿತು. ಅದರ ಫಲವಾದ 2006ರ ಅಚೆ ಆಡಳಿತ ಕಾಯ್ದೆ, ಝಕಾತನ್ನು ಸ್ಥಳೀಯ ಸರ್ಕಾರದ ಸ್ವಂತ ಆದಾಯಗಳ ಪಟ್ಟಿಯಲ್ಲಿಟ್ಟಿತು. ಬೈತುಲ್ ಮಾಲ್‌ನ ಶಕ್ತಿ ಇರುವುದು ಅದರಲ್ಲಿ; ತೊಡಕು ಇರುವುದೂ ಅದರಲ್ಲೇ.

ಕುರ್‌ಆನ್ ಝಕಾತ್‌ಗೆ ಎಂಟು ಬಗೆಯ ಹಕ್ಕುದಾರರನ್ನಷ್ಟೇ ಹೇಳುತ್ತದೆ. ಕಡುಬಡವರು, ಬಡವರು ಮೊದಲು. ಆದರೆ ಖಜಾನೆ ಸೇರಿದ ಹಣ ಬಜೆಟ್‌ನಲ್ಲಿ ಕಾಣಿಸಿಕೊಳ್ಳಬೇಕು, ಮಂಜೂರಾಗಬೇಕು, ಆಮೇಲೆ ಬಿಡುಗಡೆ. ಹಸಿದವರಿಗೆ ಆರ್ಥಿಕ ವರ್ಷದ ಹಂಗಿದೆಯೇ? ಹಾಗಿದ್ದೂ ದುಡಿಯಲಾರದ ವೃದ್ಧರಿಗೆ ನಿಯಮಿತ ನೆರವು, ಬಡ ಮಕ್ಕಳಿಗೆ ವಿದ್ಯಾರ್ಥಿವೇತನ, ಸಣ್ಣ ವ್ಯಾಪಾರಕ್ಕೆ ಬಡ್ಡಿಯಿಲ್ಲದ ಬಂಡವಾಳ ಈ ದಾರಿಯಲ್ಲೇ ತಲುಪಿವೆ. ಇದು ಸಣ್ಣ ಮಾತಲ್ಲ.

2024ರೊಳಗೆ ಕಡುಬಡತನವನ್ನು ಸೊನ್ನೆಗಿಳಿಸಬೇಕೆಂದು ಇಂಡೊನೇಷ್ಯಾದ ಅಧ್ಯಕ್ಷರು 2022ರಲ್ಲಿ ಗವರ್ನರುಗಳಿಗೂ ಜಿಲ್ಲಾ ಮುಖ್ಯಸ್ಥರಿಗೂ ಆದೇಶಿಸಿದರು. 2024ರ ಮಾರ್ಚ್‌ನ ಸರ್ಕಾರಿ ಲೆಕ್ಕದಲ್ಲಿ ಅಚೆಯ ಒಟ್ಟಾರೆ ಬಡತನದ ಪ್ರಮಾಣ ಶೇ 14.23, ಸುಮಾತ್ರಾ ದ್ವೀಪದಲ್ಲೇ ಅತಿ ಹೆಚ್ಚು. ಇದಕ್ಕೆ ಝಕಾತನ್ನು ದೂರುವುದು ನ್ಯಾಯವಲ್ಲ. ಬೈತುಲ್ ಮಾಲ್ ಬಹುವಾಗಿ ನೆಚ್ಚಿರುವುದು ನೌಕರರ ಸಂಬಳವನ್ನು; ವ್ಯಾಪಾರಿಗಳ ಹಣ ಅಷ್ಟು ಸುಲಭವಾಗಿ ಅತ್ತ ಹರಿಯುವುದಿಲ್ಲ. ಕೊಟ್ಟ ಝಕಾತನ್ನು ಆದಾಯ ತೆರಿಗೆಯಲ್ಲೇ ಕಳೆಯಬೇಕೆಂದು 2006ರ ಕಾಯ್ದೆ ಹೇಳುತ್ತದೆ. ದೇಶದ ತೆರಿಗೆ ನಿಯಮವಾದರೋ ಅದನ್ನು ತೆರಿಗೆ ಲೆಕ್ಕಹಾಕುವ ಆದಾಯದಿಂದ ಮಾತ್ರ ಕಳೆಯಗೊಡುತ್ತದೆ. ಈ ಜಗ್ಗಾಟ ಬಗೆಹರಿಯದೆ ಅಂಗಡಿ ಮಾಲೀಕರು ತಾವಾಗಿ ಬೈತುಲ್ ಮಾಲ್ ಬಾಗಿಲಿಗೆ ಬಂದಾರೆಂದು ಕಾಯುವುದರಲ್ಲಿ ಅರ್ಥವಿಲ್ಲ.