ಉಪ್ಪುಗಾಳಿಯಲ್ಲಿ ಲೋಹದ ಪಿಸ್ತೂಲು

ಕುಂದಾಪುರದಿಂದ ಬೈಂದೂರಿಗೆ ಹೋಗುವಾಗ ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಲ್ಲಿನ ಮನೆಗಳ ಕಿಟಕಿ ಸರಳುಗಳನ್ನು ಗಮನಿಸಿ. ಬಣ್ಣ ಬಳಿದಿದ್ದರೂ ಕೆಲವೇ ಮಳೆಗಾಲಗಳಲ್ಲಿ ತುಕ್ಕು ಬಣ್ಣವನ್ನು ಎಬ್ಬಿಸಿ ಹೊರಬಂದಿರುತ್ತದೆ. ಗಂಗೊಳ್ಳಿಯ ಕರಾವಳಿ ಕಾವಲು ಪೊಲೀಸರಾಗಲಿ, ಬೈಂದೂರು, ಬ್ರಹ್ಮಾವರ ಠಾಣೆಗಳ ಅಧಿಕಾರಿಗಳಾಗಲಿ ಆಯುಧ ಧರಿಸಿ ಓಡಾಡುವುದು ಇದೇ ಗಾಳಿಯಲ್ಲಿ. ಲೋಹದ ಚೌಕಟ್ಟಿನ ಪಿಸ್ತೂಲು ಇಲ್ಲಿಗೆ ಒಗ್ಗುತ್ತದೆಯೇ?

ಪಿಸ್ತೂಲಿನ ಹಿಡಿ, ಕುದುರೆ, ಮ್ಯಾಗಜೀನುಗಳನ್ನು ಹೊತ್ತ ಕೆಳಭಾಗವೇ ಚೌಕಟ್ಟು. ಅದರ ಮೇಲೆ ಸ್ಲೈಡು ಹಿಂದೆ ಮುಂದೆ ಜಾರುತ್ತದೆ. ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯ 9 ಮಿ.ಮೀ. ಪಿಸ್ತೂಲು 1ಎ ನಮ್ಮ ದೇಶದ ಪರಿಚಿತ ಸೇವಾ ಪಿಸ್ತೂಲು. ಬೆಲ್ಜಿಯಂನಲ್ಲಿ 1935ರಲ್ಲಿ ಬಂದ ಬ್ರೌನಿಂಗ್ ಹೈ-ಪವರ್ ಇದರ ಮೂಲ ಮಾದರಿ. ಚೌಕಟ್ಟು ಉಕ್ಕಿನದು, ಮ್ಯಾಗಜೀನಿನಲ್ಲಿ 13 ತೋಟಾ ಹಿಡಿಸುತ್ತವೆ. ಖಾಲಿ ಇದ್ದಾಗ ತೂಕ ಸುಮಾರು 900 ಗ್ರಾಂ. ತುಂಬಿದರೆ ಒಂದು ಕಿಲೋ ದಾಟುತ್ತದೆ.

ತೂಕ: ಭಾರವೋ, ಉಪಕಾರವೋ?

ಸೊಂಟಕ್ಕೆ ಭಾರವೆನಿಸುವುದು ಕೈಗೆ ಉಪಕಾರ. ಸಂವೇಗ ಸಂರಕ್ಷಣೆಯ ನಿಯಮ ನಿಮಗೆ ನೆನಪಿರಬಹುದು. 7.5 ಗ್ರಾಂ ಗುಂಡು ಸೆಕೆಂಡಿಗೆ 360 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ 2.7 ಮೂಲಮಾನ. ಅಷ್ಟೇ ಸಂವೇಗ ಪಿಸ್ತೂಲಿಗೆ ಹಿಮ್ಮುಖವಾಗಿ ಬರುತ್ತದೆ. ಮದ್ದಿನ ಅನಿಲದ ಪಾಲನ್ನು ಬಿಟ್ಟು ಲೆಕ್ಕ ಹಾಕೋಣ. 900 ಗ್ರಾಂ ಪಿಸ್ತೂಲು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ; ಚಲನ ಶಕ್ತಿ ಸುಮಾರು 4 ಜೂಲ್. ಇನ್ನು 1982ರಲ್ಲಿ ಆಸ್ಟ್ರಿಯಾದ ಸೇನೆ ಆಯ್ದುಕೊಂಡ ಗ್ಲಾಕ್ 17 ಪಾಲಿಮರ್ ಚೌಕಟ್ಟಿನದು. ಖಾಲಿ ಮ್ಯಾಗಜೀನಿನೊಂದಿಗೆ ಸುಮಾರು 700 ಗ್ರಾಂ. ಅದರಲ್ಲಿ ಈ ಶಕ್ತಿ 5 ಜೂಲ್ ಮೀರುತ್ತದೆ. ಒದೆತ ಕಡಿಮೆಯಾದಷ್ಟೂ ಎರಡನೆಯ ಗುರಿ ಬೇಗ ಸಿಗುತ್ತದೆ. ಗುರಿ ತಪ್ಪಿದ ಗುಂಡು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಮನೆಗಳು ಒತ್ತೊತ್ತಾಗಿರುವ ಮೀನುಗಾರರ ಕೇರಿಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಉಪ್ಪಿನ ಪರೀಕ್ಷೆ

ಉಕ್ಕಿಗೆ ನೀರು, ಆಮ್ಲಜನಕ ಸಿಕ್ಕರೆ ತುಕ್ಕು ಹಿಡಿಯುತ್ತದೆ; ಉಪ್ಪಿನ ಕ್ಲೋರೈಡ್ ಅದನ್ನು ತ್ವರೆಗೊಳಿಸುತ್ತದೆ. ಕಡಲ ಗಾಳಿಯಲ್ಲಿ ಮಾತ್ರವಲ್ಲ, ನಮ್ಮ ಬೆವರಿನಲ್ಲೂ ಉಪ್ಪಿದೆ. ಆದ್ದರಿಂದ ಮೈಗೆ ತಾಗುವ ಬದಿಯನ್ನು ಮೊದಲು ನೋಡಬೇಕು. ಅಲ್ಯೂಮಿನಿಯಂ ಮಿಶ್ರಲೋಹದ ಚೌಕಟ್ಟಿಗೆ ಕೆಂಪು ತುಕ್ಕಿಲ್ಲ, ಸಾಂದ್ರತೆಯೂ ಉಕ್ಕಿನ ಮೂರನೆಯ ಒಂದರಷ್ಟು. ಆದರೆ ಮೇಲಿನ ಆಕ್ಸೈಡ್ ಪದರ ಕೆರೆದುಹೋದ ಕಡೆ ಉಕ್ಕಿನ ಬಿಡಿಭಾಗ ತಾಗಿ, ನಡುವೆ ಉಪ್ಪುನೀರು ನಿಂತರೆ ಅದೊಂದು ಪುಟ್ಟ ವಿದ್ಯುತ್ಕೋಶ! ಅಲ್ಲಿ ಸವೆಯುವುದು ಅಲ್ಯೂಮಿನಿಯಂ. ಪಾಲಿಮರ್ ಚೌಕಟ್ಟಿಗೆ ತುಕ್ಕಿಲ್ಲ ನಿಜ. ಆದರೆ ಅದರ ನಳಿಗೆ, ಸ್ಲೈಡು, ಸ್ಪ್ರಿಂಗುಗಳು ಉಕ್ಕಿನವೇ.

ಮಳೆಯಲ್ಲಿ ನೆನೆದ ಆಯುಧವನ್ನು ಅಂದೇ ಬಿಚ್ಚಿ, ಒರೆಸಿ, ತೆಳುವಾಗಿ ಎಣ್ಣೆ ಸವರಬೇಕು. ತೋಟಾಗಳಿಗೆ ಎಣ್ಣೆ ತಾಗಬಾರದು. ಚರ್ಮದ ಚೀಲ ತೇವ ಹೀರಿ ಹಿಡಿದಿಡುತ್ತದೆ. ಧರಿಸಲು ಅದು ಸರಿ, ತಿಂಗಳುಗಟ್ಟಲೆ ಇಡಲು ಅಲ್ಲ. ಇದಕ್ಕೆಲ್ಲ ಮೊದಲು ಒಂದು ಮಾತು ಮರೆಯಬೇಡಿ: ಮ್ಯಾಗಜೀನು ಹೊರತೆಗೆದ ಮೇಲೂ ನಳಿಗೆಯಲ್ಲಿ ಒಂದು ತೋಟಾ ಉಳಿದಿರಬಹುದು. ಸ್ಲೈಡು ಹಿಂದಕ್ಕೆಳೆದು ಕಣ್ಣಾರೆ ನೋಡದೆ ಯಾವ ಪಿಸ್ತೂಲೂ ಖಾಲಿಯಲ್ಲ.

ನಿಮ್ಮ ಮನೆಯ ಕೋವಿ

9 ಮಿ.ಮೀ. ಸೇವಾ ಪಿಸ್ತೂಲು ನಿಷೇಧಿತ ವರ್ಗದ್ದು; ಸಾಮಾನ್ಯ ಪರವಾನಗಿಗೆ ಸಿಗದು. ಘಟ್ಟದ ಬುಡದ ಹಳ್ಳಿಗಳಲ್ಲಿರುವುದು ಹಂದಿ, ಮಂಗಗಳಿಂದ ಬೆಳೆ ಕಾಯಲು ಪರವಾನಗಿ ಪಡೆದ ಕೋವಿ. ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿ ಠೇವಣಿ ಇಡುವುದು ರೂಢಿ. ಒಪ್ಪಿಸುವ ಮುನ್ನ ಎಣ್ಣೆ ಸವರಿ. ಮರಳಿ ತಂದಾಗ ಖಾಲಿಯೆಂದು ಖಚಿತಪಡಿಸಿಕೊಂಡು, ನಳಿಗೆಯೊಳಗೆ ತುಕ್ಕು, ಕಸ, ಜೇಡರ ಬಲೆ ಇದೆಯೇ ಪರೀಕ್ಷಿಸಿ. ಕಟ್ಟಿದ ನಳಿಗೆ ಗುಂಡು ಹಾರಿಸಿದಾಗ ಸಿಡಿಯಬಹುದು; ಪೆಟ್ಟು ಬೀಳುವುದು ಹಿಡಿದವನಿಗೇ. ಉಕ್ಕಿರಲಿ, ಅಲ್ಯೂಮಿನಿಯಂ ಇರಲಿ, ಉಪ್ಪುಗಾಳಿಯ ನಾಡಿನಲ್ಲಿ ಆಯುಧದ ಗುಣಮಟ್ಟದ ಅರ್ಧ ಪಾಲು ಕಾರ್ಖಾನೆಯದು. ಉಳಿದರ್ಧ ಇಟ್ಟುಕೊಂಡವರ ಕೈಯದು.